ಸಾಕ್ಷಿಗೂ ಪರೀಕ್ಷೆ ಬೇಕು

ಚರಿತ್ರೆಯನ್ನು ಓದುವವನಿಗೆ ಕ್ಯಾನ್ಸರಿನ ಪ್ರೋಟೀನಿನ ಗೊಡವೆ ಏಕೆಂದು ಮಿತ್ರರು ಕೇಳಬಹುದು. ನನ್ನ ಸೋದರತ್ತೆಯವರಿಗೆ ಸ್ತನದ ಕ್ಯಾನ್ಸರ್ ಎಂದು ತಿಳಿದಾಗ, ಅವರಿಗೆ ಯಾವ ಮಾತ್ರೆ ಎಂಬುದು ಪ್ರಯೋಗಶಾಲೆಯ ವರದಿಯ ಒಂದು ಸಾಲಿನಿಂದ ನಿಶ್ಚಯವಾಯಿತು: 'ಈಸ್ಟ್ರೋಜನ್ ಗ್ರಾಹಿ ಇದೆ.' ಇದನ್ನು ಕಂಡು ಹೇಳಿದ ಸಾಕ್ಷಿ ಯಾರು ಎಂಬ ಕುತೂಹಲವೇ ಈ ಲೇಖನಕ್ಕೆ ಕಾರಣ.

ಆ ಸಾಕ್ಷಿಯ ಹೆಸರು ಪ್ರತಿಕಾಯ. ಇಲಿಗೋ ಮೊಲಕ್ಕೋ ಒಂದು ಪ್ರೋಟೀನನ್ನು ಚುಚ್ಚಿದರೆ, ಅದನ್ನು ಗುರುತಿಸಿ ಹಿಡಿಯುವ ಪ್ರತಿಕಾಯಗಳು ಆ ಪ್ರಾಣಿಯಲ್ಲಿ ಹುಟ್ಟುತ್ತವೆ. ಗೆಡ್ಡೆಯ ತೆಳುವಾದ ಪದರವನ್ನು ಗಾಜಿನ ಮೇಲಿಟ್ಟು ಅದಕ್ಕೆ ಪ್ರತಿಕಾಯವನ್ನು ಹಾಕುತ್ತಾರೆ. ಅದು ಅಂಟಿದ ಕಡೆ ಕಂದು ಬಣ್ಣ ಬರುವಂತೆ ಮಾಡುತ್ತಾರೆ. ಆದರೆ ಪ್ರತಿಕಾಯವು ತಪ್ಪಿ ಬೇರೊಂದು ಪ್ರೋಟೀನಿಗೆ ಅಂಟಿದರೂ ಬರುವುದು ಅದೇ ಕಂದು ಬಣ್ಣ!

ಇದು ಕೇವಲ ಊಹೆಯ ಭಯವಲ್ಲ. ಈಸ್ಟ್ರೋಜನ್ ಗ್ರಾಹಿಗಳಲ್ಲಿ ಎರಡು ಬಗೆ. ವೈದ್ಯರು ಚಿಕಿತ್ಸೆಗೆ ಆಧಾರವಾಗಿ ನೋಡುವುದು ಆಲ್ಫಾ; ಅದರ ಪರೀಕ್ಷೆ ಚೆನ್ನಾಗಿ ನೆಲೆಗೊಂಡಿದೆ, ಆ ಬಗ್ಗೆ ಯಾರೂ ಗಾಬರಿಪಡಬೇಕಾಗಿಲ್ಲ. 1996ರಲ್ಲಿ ಬೀಟಾ ಎಂಬ ಇನ್ನೊಂದು ಬಗೆ ಪ್ರಕಟವಾಯಿತು. ಅದು ಸ್ತನದಲ್ಲಿಯೂ ಇದೆಯೆಂದು ಅನೇಕ ಲೇಖನಗಳು ಬಂದವು. ಹೊಸ ಔಷಧದ ಆಸೆ ಮೂಡಿತು. ಆದರೆ 2017ರಲ್ಲಿ ಸ್ವೀಡನ್ನಿನ ಸಂಶೋಧಕರು ಬೀಟಾವನ್ನು ಪತ್ತೆಹಚ್ಚುವ 13 ಪ್ರತಿಕಾಯಗಳನ್ನೇ ಪರೀಕ್ಷೆಗೆ ಒಡ್ಡಿದರು. ಅಂಗಾಂಶದ ಪರೀಕ್ಷೆಯಲ್ಲಿ ನಂಬಬಹುದಾದದ್ದು ಒಂದೇ ಒಂದು. ಅದೂ ಜನ ಅಪರೂಪಕ್ಕೆ ಬಳಸುತ್ತಿದ್ದದ್ದು. ಅದರಿಂದ ನೋಡಿದಾಗ ಅಂಡಾಶಯ, ವೃಷಣ ಮೊದಲಾದ ಕಡೆ ಬೀಟಾ ಕಂಡಿತು. ಸ್ತನದಲ್ಲಿ, ಆರೋಗ್ಯವಂತರದಾಗಲಿ ರೋಗಿಗಳದಾಗಲಿ, ಕಾಣಲಿಲ್ಲ.

ಹಾಗಾದರೆ ಅಷ್ಟು ಲೇಖನಗಳು? ನಮ್ಮಲ್ಲಿ ಒಂದು ಗೈಡಿನ ತಪ್ಪು ಇಸವಿಯನ್ನು ಹತ್ತು ಮಂದಿ ನಕಲು ಮಾಡಿದರೆ ಹತ್ತು ಸಾಕ್ಷಿಗಳಾಗುವುದಿಲ್ಲ. ಒಂದೇ ತಪ್ಪು ಹತ್ತು ಸಲ ಬರೆದಂತಾಗುತ್ತದೆ. ಶಾಸನ ಕೂಟವೋ ನಿಜವೋ ಎಂದು ಮೊದಲು ಕೇಳಿರಿ ಎಂದು ನಮ್ಮ ಅಧ್ಯಾಪಕರು ಹೇಳುವುದೂ ಇದಕ್ಕಾಗಿಯೇ. ಪ್ರಯೋಗಶಾಲೆಯಲ್ಲಿಯೂ ನಿಯಮ ಅದೇ: ಪ್ರೋಟೀನ್ ಇದ್ದೇ ಇದೆಯೆಂದು ತಿಳಿದ ಜೀವಕೋಶದಲ್ಲಿ ಬಣ್ಣ ಬರಬೇಕು, ಇಲ್ಲವೇ ಇಲ್ಲವೆಂದು ತಿಳಿದ ಕಡೆ ಬರಬಾರದು. ಈ ಎರಡನೆಯ ಪರೀಕ್ಷೆಯನ್ನು ಬಿಟ್ಟವನಿಗೆ ತಾನು ಬಯಸಿದ್ದೇ ಕಾಣುತ್ತದೆ.

ಇಂಥ ಪರಿಶೀಲನೆಗೆ ಹಣವೂ ಕಾಲವೂ ವ್ಯಯವೆಂದು ಕೆಲವರು ಹೇಳಬಹುದು. ಇಪ್ಪತ್ತು ವರ್ಷ ತಪ್ಪು ದಾರಿಯಲ್ಲಿ ನಡೆದದ್ದಕ್ಕಿಂತ ದೊಡ್ಡ ವ್ಯಯ ಯಾವುದು? ಹೊಸದನ್ನು ಕಂಡವರಿಗೆ ನಾವು ಹಾರ ಹಾಕುತ್ತೇವೆ. ಕಂಡದ್ದು ನಿಜವೇ ಎಂದು ಮತ್ತೊಮ್ಮೆ ನೋಡಿದವರಿಗೂ ಅಷ್ಟೇ ಗೌರವ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಆ ಒಂದು ಸಾಲನ್ನು ನಂಬಿ ಮಾತ್ರೆ ನುಂಗುವವರು ನಮ್ಮ ಮನೆಗಳಲ್ಲಿಯೇ ಇದ್ದಾರೆ.