ಹಳೇ ಕಾರಿಗೆ ಹೊಸ ಎಂಜಿನ್: ಬೇಡ ಎನ್ನುವ ಮೊದಲು ಪರೀಕ್ಷಿಸಿ ನೋಡಲಿ

ಶಹಾಪುರದಿಂದ ಸುರಪುರದ ಕಡೆಗೋ ಜೇವರ್ಗಿಯ ಕಡೆಗೋ ಹೊರಟರೆ ರಸ್ತೆ ಬದಿಯ ಗ್ಯಾರೇಜುಗಳ ಮುಂದೆ ಹಳೇ ಜೀಪು ಇಲ್ಲವೇ ಬಣ್ಣ ಮಾಸಿದ ಅಂಬಾಸಿಡರ್ ಇನ್ನೂ ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಭೀಮರಾಯನಗುಡಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಯ ಕೆಲಸ ಜೋರಾಗಿದ್ದ ಕಾಲದಲ್ಲಿ ಕಾಲುವೆ ದಂಡೆಯ ಮೇಲೆ ಓಡಾಡಿದ್ದು ಇಂಥ ಗಾಡಿಗಳೇ. ಸರ್ಕಾರಿ ಕಚೇರಿ, ಮದುವೆ ದಿಬ್ಬಣ, ಆಸ್ಪತ್ರೆ, ಜಾತ್ರೆ ಎಲ್ಲಕ್ಕೂ ಇವೇ ಬೇಕಿದ್ದವು. ನಮ್ಮ ಭಾಗದ ಜನ ಗಾಡಿಯನ್ನು ಸುಲಭಕ್ಕೆ ಗುಜರಿಗೆ ಹಾಕುವವರಲ್ಲ. ಬಾಡಿ ಗಟ್ಟಿ ಇದ್ದು ಎಂಜಿನ್ ಸೋತರೆ ಅವರು ಮೊದಲು ಕೇಳುವುದು, ‘ಬೇರೆ ಎಂಜಿನ್ ಕೂಡ್ಸಕ್ಕ ಬರ್ತದೇನು?’ ಎಂದು.

ಈಗ ಅದೇ ಪ್ರಶ್ನೆಯನ್ನು ನನ್ನ ವಯಸ್ಸಿನವರು ಬೇರೆ ಕಾರಣಕ್ಕೆ ಕೇಳುತ್ತಿದ್ದಾರೆ. ಮೊಬೈಲಿನಲ್ಲಿ ನೋಡಿದ ವಿಡಿಯೊಗಳ ಗುಂಗಿನಲ್ಲಿ, ಅಜ್ಜನ ಕಾಲದ ಅಂಬಾಸಿಡರಿಗೆ ಹೊಸ ಕಾಲದ ಎಂಜಿನ್ ಹಾಕಿಸಿ ಹೆದ್ದಾರಿಯಲ್ಲಿ ಓಡಿಸುವ ಆಸೆ ಅವರದು. ಆ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಈಗ ನಡೆಯುತ್ತಿರುವಂತೆ ಕದ್ದುಮುಚ್ಚಿ ಮಾಡುವ ಎಂಜಿನ್ ಬದಲಾವಣೆ ಯಾರಿಗೂ ಒಳ್ಳೆಯದಲ್ಲ. ಹಾಗೆಂದು ಆ ಕೆಲಸಕ್ಕೆ ದಾರಿಯನ್ನೇ ಮುಚ್ಚಿಬಿಡುವುದೂ ಸರಿಯಲ್ಲ.

ಹಳೇ ಬಾಡಿಗೆ ಹೊಸ ಎಂಜಿನ್ ಹಾಕುವುದು ಗ್ಯಾರೇಜಿನವರು ಕಂಡುಹಿಡಿದ ತಂತ್ರವಲ್ಲ. ಕಾರು ತಯಾರಿಸುವ ಕಂಪನಿಗಳೇ ಅದನ್ನು ಮಾಡಿವೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಂಪನಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಗೆ ಅಂಬಾಸಿಡರ್ ತಯಾರಿಸಲು ಶುರು ಮಾಡಿತು. ದಶಕಗಟ್ಟಲೆ ಅದರಲ್ಲಿ ಇದ್ದದ್ದು 1489 ಸಿಸಿಯ, ಸುಮಾರು 50 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. 1990ರ ದಶಕದಲ್ಲಿ ಅದೇ ಬಾಡಿಗೆ ಜಪಾನಿನ ಇಸುಜು ಕಂಪನಿಯ 1817 ಸಿಸಿ ಎಂಜಿನ್ ಬಂತು. ಶಕ್ತಿ ಸುಮಾರು 75 ಅಶ್ವಶಕ್ತಿಗೆ ಏರಿತು. 2014ರಲ್ಲಿ ಉತ್ತರಪಾರಾ ಕಾರ್ಖಾನೆ ನಿಲ್ಲುವವರೆಗೂ ಅಂಬಾಸಿಡರಿನ ಹೊರಗಿನ ರೂಪ ಹೆಚ್ಚು ಬದಲಾಗಲಿಲ್ಲ, ಒಳಗಿನದು ಬದಲಾಯಿತು. ಮಹೀಂದ್ರ ಜೀಪಿನ ಕಥೆಯೂ ಹೀಗೇ ಇದೆ. ಅಮೆರಿಕದ ವಿಲ್ಲಿಸ್ ವಿನ್ಯಾಸದ ಪೆಟ್ರೋಲ್ ಜೀಪು ಮುಂದೆ ಫ್ರಾನ್ಸಿನ ಪ್ಯೂಜೊ ಮೂಲದ ಡೀಸೆಲ್ ಎಂಜಿನ್ ಹೊತ್ತು ನಮ್ಮ ಹಳ್ಳಿಹಳ್ಳಿ ಸುತ್ತಿತು.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಇಸುಜು ಎಂಜಿನ್ ಬಂದಾಗ ಕಂಪನಿ ಎಂಜಿನ್ ಒಂದನ್ನೇ ಬದಲಿಸಲಿಲ್ಲ. ನಾಲ್ಕು ಗೇರಿನ ಜಾಗದಲ್ಲಿ ಐದು ಗೇರಿನ ಗೇರ್‌ಬಾಕ್ಸ್ ಕೊಟ್ಟಿತು. ಮುಂದಿನ ವರ್ಷಗಳಲ್ಲಿ ಮುಂಗಾಲಿಗಳಿಗೆ ಡಿಸ್ಕ್ ಬ್ರೇಕ್ ಕೂಡ ಬಂತು. ಓಡುವ ಶಕ್ತಿ ಹೆಚ್ಚಾದರೆ ನಿಲ್ಲುವ ಶಕ್ತಿಯೂ ಹೆಚ್ಚಬೇಕು ಎಂಬುದು ಅವರಿಗೆ ಗೊತ್ತಿತ್ತು.

ನಮ್ಮ ಊರುಗಳಲ್ಲಿ ಎಂಜಿನ್ ಬದಲಾವಣೆ ನಡೆದದ್ದು ಷೋಕಿಗಲ್ಲ, ಹೊಟ್ಟೆಪಾಡಿಗೆ. ಡೀಸೆಲ್ ಪೆಟ್ರೋಲಿಗಿಂತ ಬಹಳ ಅಗ್ಗವಾಗಿದ್ದ ಕಾಲದಲ್ಲಿ ಬಾಡಿಗೆ ಓಡಿಸುವವರು ಪೆಟ್ರೋಲ್ ಜೀಪು, ಅಂಬಾಸಿಡರುಗಳಿಗೆ ಹಳೇ ಡೀಸೆಲ್ ಎಂಜಿನ್ ಕೂಡಿಸಿಕೊಂಡರು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರದ ಮೇಲಿನ ಸರ್ಕಾರದ ಹಿಡಿತ ಹೋಯಿತು. ಎರಡರ ಬೆಲೆಯ ನಡುವಿನ ಅಂತರ ಕರಗುತ್ತಾ ಬಂದು ಆ ಲೆಕ್ಕ ಮೊದಲಿನಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ಆದರೆ ಆ ಕೆಲಸ ಮಾಡುತ್ತಾ ಬೆಳೆದ ಕೈಗಳು ಉಳಿದವು. ಲೇತ್ ಮೇಲೆ ಪ್ಲೇಟ್ ಕಡೆದು, ಒಂದು ಕಂಪನಿಯ ಎಂಜಿನ್ನಿಗೆ ಇನ್ನೊಂದು ಕಂಪನಿಯ ಗೇರ್‌ಬಾಕ್ಸ್ ಜೋಡಿಸುವ ಉಸ್ತಾದರು ಶಹಾಪುರ, ಯಾದಗಿರಿ, ಕಲಬುರಗಿಯಲ್ಲಿ ಈಗಲೂ ಸಿಗುತ್ತಾರೆ. ಅವರಲ್ಲಿ ಬಹಳ ಮಂದಿಯ ಹತ್ತಿರ ಒಂದು ಸರ್ಟಿಫಿಕೇಟೂ ಇಲ್ಲ.

ಅಂಥ ಒಬ್ಬ ಹಿರಿಯ ಉಸ್ತಾದರ ಬಳಿ ನಾನು ಕೆಲವು ತಿಂಗಳು ಕೆಲಸ ನೋಡಿದ್ದೇನೆ. ‘ಎಂಜಿನ್ ಕೂಡ್ಸೋದು ದೊಡ್ಡ ಮಾತಲ್ಲ ತಮ್ಮಾ, ಗಾಡಿ ನಿಂದ್ರಸೋದು ದೊಡ್ಡ ಮಾತು’ ಎಂದು ಅವರು ಹೇಳುತ್ತಿದ್ದರು. ಇದನ್ನು ಪಿಯುಸಿಯ ಭೌತವಿಜ್ಞಾನದಿಂದಲೇ ತಾಳೆ ನೋಡಬಹುದು. ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಗಂಟೆಗೆ 50 ಕಿ.ಮೀ. ಓಡುವ ಗಾಡಿಯನ್ನು 100ಕ್ಕೆ ಒಯ್ದರೆ ಅದನ್ನು ನಿಲ್ಲಿಸಲು ಬ್ರೇಕು ತಿನ್ನಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. 50 ಅಶ್ವಶಕ್ತಿಯ ಎಂಜಿನ್ನಿಗೆಂದು ಮಾಡಿದ ಡ್ರಮ್ ಬ್ರೇಕು, ಪಾಟಾ, ಸ್ಟೀರಿಂಗು ಎಲ್ಲವೂ ಹಾಗೇ ಇದ್ದು ಎಂಜಿನ್ ಮಾತ್ರ ಜೋರಾದರೆ ಆ ಗಾಡಿಯಲ್ಲಿ ಕುಳಿತವರಿಗಷ್ಟೇ ಅಲ್ಲ, ಎದುರಿಗೆ ಬರುವ ಬೈಕಿನವರಿಗೂ ಅಪಾಯ.

ತೊಡಕು ಇನ್ನೂ ಇವೆ. ಸ್ವಿಫ್ಟ್‌ನಂಥ ಕಾರುಗಳಲ್ಲಿ ಎಂಜಿನ್ ಅಡ್ಡಲಾಗಿ ಕುಳಿತು ಮುಂದಿನ ಗಾಲಿ ತಿರುಗಿಸುತ್ತದೆ. ಗೇರ್‌ಬಾಕ್ಸೂ ಡಿಫರೆನ್ಷಿಯಲ್ಲೂ ಒಂದೇ ಗೂಡಿನಲ್ಲಿರುತ್ತವೆ. ಅಂಬಾಸಿಡರಿನಲ್ಲಿ ಎಂಜಿನ್ ಉದ್ದಕ್ಕೆ ಕುಳಿತು, ಉದ್ದನೆಯ ಶಾಫ್ಟಿನ ಮೂಲಕ ಹಿಂದಿನ ಗಾಲಿ ತಿರುಗಿಸುತ್ತದೆ. ಒಂದನ್ನು ಕಿತ್ತು ಇನ್ನೊಂದರಲ್ಲಿ ಇಟ್ಟರೆ ಮುಗಿಯಲಿಲ್ಲ, ಅದಕ್ಕೆ ಒಪ್ಪುವ ಬೇರೆ ಗೇರ್‌ಬಾಕ್ಸ್ ಹುಡುಕಬೇಕು. ಹಳಬ ಉಸ್ತಾದರು ಬೊಲೆರೊ, ಈಕೊ ಮುಂತಾದ ಹಿಂಗಾಲಿ ಎಳೆತದ ಗಾಡಿಗಳ ಎಂಜಿನ್ ಹುಡುಕುವುದು ಇದೇ ಕಾರಣಕ್ಕೆ.

ಸ್ವಿಫ್ಟ್‌ನಲ್ಲಿದ್ದ 1.3 ಲೀಟರ್ ಡೀಸೆಲ್ ಎಂಜಿನ್ನಿನ ತಿರುಚು ಬಲ 190 ನ್ಯೂಟನ್ ಮೀಟರ್. ಇದು ಅಂಬಾಸಿಡರಿನ ಮೂಲ ಎಂಜಿನ್ನಿಗಿಂತ ಬಹಳ ಹೆಚ್ಚು. ಅಷ್ಟು ಬಲವನ್ನು ಹಳೇ ಕ್ಲಚ್ಚು, ಶಾಫ್ಟಿನ ಕ್ರಾಸ್, ಹಿಂದಿನ ಆಕ್ಸೆಲ್ ತಾಳಬೇಕು. ಜೀಪಿಗಾದರೆ ಬೇರೆಯಾಗಿ ನಿಂತ ಚಾಸಿ ಇದೆ. ಅಂಬಾಸಿಡರಿನಲ್ಲಿ ಬಾಡಿಯೇ ಭಾರ ಹೊರುತ್ತದೆ. ಎಂಜಿನ್ ಫೌಂಡೇಶನ್ನಿನ ವೆಲ್ಡಿಂಗ್ ತಪ್ಪಿದರೆ ಬಾಡಿಯೇ ಬಿರುಕು ಬಿಡಬಹುದು. ಈಗಿನ ಎಂಜಿನ್ನುಗಳು ಕಂಪ್ಯೂಟರ್ ಇಲ್ಲದೆ ಉಸಿರಾಡುವುದಿಲ್ಲ. ಇಸಿಯು, ಸೆನ್ಸರುಗಳು, ಅಧಿಕ ಒತ್ತಡದ ಇಂಧನ ಪಂಪು, ಪೂರ್ತಿ ವೈರಿಂಗ್ ಎಲ್ಲವೂ ಜೊತೆಗೆ ಬರಬೇಕು. ಇದರ ಮೇಲೆ ಏಪ್ರಿಲ್–ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಬಿಸಿಲು. ರೇಡಿಯೇಟರ್ ಸಣ್ಣದಾದರೆ ಹತ್ತಿಗೂಡೂರು ತಲುಪುವುದರೊಳಗೆ ಗಾಡಿ ಕುದಿಯುತ್ತದೆ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದನ್ನೇ ಕುರಿತದ್ದು. 2000ದ ತಿದ್ದುಪಡಿಯ ಬಳಿಕ ಅದು ಹೇಳುವುದು ಸ್ಪಷ್ಟವಾಗಿದೆ: ತಯಾರಕರು ಮೂಲತಃ ಕೊಟ್ಟ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಕೂಡದು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಯಂಥ ಬೇರೆ ಇಂಧನಕ್ಕೆ ಅನುಮೋದಿತ ಕಿಟ್ ಹಾಕಿ ಎಂಜಿನ್ ಮಾರ್ಪಡಿಸಲು ಅವಕಾಶವಿದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿದು, ತಯಾರಕರ ಮೂಲ ವಿನ್ಯಾಸ ಬದಲಾಗುವಂಥ ಮಾರ್ಪಾಡು ಸಲ್ಲದು ಎಂದಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ 182ಎ ಕಲಮನ್ನು ತಂದಿತು. ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು.

ಹಳೇ ಕಾರಿನ ಮೇಲೆ ಅಭಿಮಾನ ಇರುವವರು ಇನ್ನೊಂದು ನಿಯಮ ನೆನಪಿಡಬೇಕು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ತಂದಿದೆ. 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರುವ ಗಾಡಿಗಳಿಗೆ ‘ವಿಎ’ ಅಕ್ಷರಗಳಿರುವ ನಂಬರ್ ಪ್ಲೇಟ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ದಿನನಿತ್ಯದ ಓಡಾಟಕ್ಕೆ ಅವನ್ನು ಬಳಸುವಂತಿಲ್ಲ. ಎಂಜಿನ್ ಬದಲಿಸಿದ ಕಾರು ಈ ಗೌರವವನ್ನೂ ಕಳೆದುಕೊಳ್ಳುತ್ತದೆ. ಅಜ್ಜನ ನೆನಪಿಗೆಂದು ಉಳಿಸಿದ ಕಾರಿನಲ್ಲಿ ಅಜ್ಜ ಓಡಿಸಿದ ಎಂಜಿನ್ನೇ ಇಲ್ಲದಿದ್ದರೆ ಉಳಿಸಿದ್ದೇನು ಎಂದೂ ಕೇಳಿಕೊಳ್ಳಬೇಕಾಗುತ್ತದೆ.

ಕಾನೂನು ಇಷ್ಟು ಬಿಗಿ ಇದ್ದರೂ ಎಂಜಿನ್ ಬದಲಾವಣೆ ನಿಂತಿದೆಯೇ? ಇಲ್ಲ, ಕತ್ತಲಿಗೆ ಸರಿದಿದೆ ಅಷ್ಟೇ. ನನ್ನ ಪರಿಚಯದ ಒಬ್ಬರು ಸಾಲ ಮಾಡಿ ಹಳೇ ಜೀಪು ಕೊಂಡರು. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಹೊಲಕ್ಕೆ ಓಡಾಡಲು ಅದು ಬೇಕಿತ್ತು. ನೋಂದಣಿ ನವೀಕರಣಕ್ಕೆ ಪಾಸಿಂಗ್‌ಗೆ ಒಯ್ದಾಗ ಎಂಜಿನ್ ನಂಬರ್ ಆರ್‌ಸಿಗೆ ತಾಳೆಯಾಗಲಿಲ್ಲ. ಹಿಂದಿನ ಮಾಲೀಕ ಯಾವಾಗಲೋ ಎಂಜಿನ್ ಬದಲಿಸಿದ್ದ. ಕಚೇರಿಯವರು ಕಾನೂನಿನಂತೆ ನಡೆದರು, ಅವರನ್ನು ದೂರುವ ಹಾಗಿಲ್ಲ. ಆದರೆ ಜೀಪು ಬೇವಿನ ಮರದ ಕೆಳಗೆ ನಿಂತಿತು, ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಬಿಲ್ಲಿಲ್ಲದೆ ಗುಜರಿಯಿಂದ ತಂದ ಎಂಜಿನ್ ಕಳವಿನ ಮಾಲಾಗಿದ್ದರೆ ಪೊಲೀಸ್ ಠಾಣೆಯ ಮೆಟ್ಟಿಲನ್ನೂ ಹತ್ತಬೇಕು. ಅಪಘಾತವಾದರೆ, ಹೇಳದೆ ಮಾಡಿದ ಮಾರ್ಪಾಡನ್ನು ಮುಂದಿಟ್ಟು ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದು. ಆಗ ನಷ್ಟ ಲಕ್ಷಗಳಲ್ಲಿ.

ಬೇರೆ ದೇಶಗಳು ಇದನ್ನು ಬಗೆಹರಿಸಿದ ರೀತಿ ನೋಡಿ. ಜರ್ಮನಿಯಲ್ಲಿ ಮಾರ್ಪಡಿಸಿದ ಗಾಡಿಯನ್ನು ಮಾನ್ಯತೆ ಪಡೆದ ತಜ್ಞ ಪರಿಶೀಲಿಸುತ್ತಾನೆ. ಬ್ರೇಕು, ಹೊಗೆ, ಸದ್ದು ಸರಿ ಇದ್ದರೆ ಬದಲಾವಣೆಯನ್ನು ಗಾಡಿಯ ಕಾಗದಪತ್ರದಲ್ಲೇ ಬರೆಯಲಾಗುತ್ತದೆ. ಬ್ರಿಟನ್ನಿನಲ್ಲಿ ಬಹಳ ಕಾಲ ಅಂಕ ಪದ್ಧತಿ ನಡೆದುಬಂತು. ವಿಪರೀತ ಮಾರ್ಪಡಿಸಿದ ಕಾರು ಹಳೇ ನಂಬರ್ ಉಳಿಸಿಕೊಳ್ಳಲು 8 ಅಂಕ ಗಳಿಸಬೇಕು. ಮೂಲ ಚಾಸಿಗೆ 5 ಅಂಕ, ಸಸ್ಪೆನ್ಷನ್, ಆಕ್ಸೆಲ್, ಗೇರ್‌ಬಾಕ್ಸ್, ಸ್ಟೀರಿಂಗುಗಳಿಗೆ ತಲಾ 2, ಎಂಜಿನ್ನಿಗೆ ಬರೀ 1. ಅಂದರೆ ಎಂಜಿನ್ ಬದಲಾದ ಮಾತ್ರಕ್ಕೆ ಕಾರು ತನ್ನ ಗುರುತು ಕಳೆದುಕೊಳ್ಳಲಿಲ್ಲ. ಈ ದೇಶಗಳು ಕಣ್ಣು ಮುಚ್ಚಿ ಒಪ್ಪಿಲ್ಲ, ಪರೀಕ್ಷಿಸಿ ಒಪ್ಪಿವೆ.

‘ಬ್ರೇಕು ಸರಿಯಿಲ್ಲದ ಗಾಡಿಗಳೇ ನಮ್ಮ ರಸ್ತೆಯಲ್ಲಿ ತುಂಬಿರುವಾಗ ಇನ್ನಷ್ಟು ಸಡಿಲಿಕೆ ಯಾಕೆ?’ ಎಂದು ಕೇಳುವವರಿದ್ದಾರೆ. ಅವರ ಆತಂಕ ನ್ಯಾಯವಾದದ್ದು. ಆದರೆ ನಾನು ಕೇಳುತ್ತಿರುವುದು ಸಡಿಲಿಕೆಯಲ್ಲ, ತಪಾಸಣೆ. ಇವತ್ತು ಎಂಜಿನ್ ಬದಲಿಸಿದ ಗಾಡಿಯ ಬ್ರೇಕನ್ನು ಯಾರೂ ಪರೀಕ್ಷಿಸುವುದಿಲ್ಲ, ಯಾಕೆಂದರೆ ಅದರ ಮಾಲೀಕ ಅದನ್ನು ಯಾರಿಗೂ ತೋರಿಸುವುದೇ ಇಲ್ಲ.

ಹಾಗಾದರೆ ಆಗಬೇಕಾದ್ದೇನು? ಮೊದಲನೆಯದು, ಬಿಲ್ಲಿರುವ ಎಂಜಿನ್, ಅದಕ್ಕೆ ತಕ್ಕ ಬ್ರೇಕು, ಹೊಗೆಯ ಮಿತಿ ಈ ಮೂರನ್ನೂ ಪರೀಕ್ಷಿಸಿ ಆರ್‌ಸಿಯಲ್ಲಿ ನಮೂದಿಸುವ ಅವಕಾಶವನ್ನು ಕಾನೂನಿನಲ್ಲೇ ತರಬೇಕು. ಎರಡನೆಯದು, ಆ ಪರೀಕ್ಷೆ ಪುಣೆಯ ಎಆರ್‌ಎಐಗೋ ಮಾನೇಸರದ ಐಕ್ಯಾಟ್‌ಗೋ ಹೋದರಷ್ಟೇ ಆಗುವಂತಿರಬಾರದು. ಕಲಬುರಗಿಯಂಥ ವಿಭಾಗ ಕೇಂದ್ರದಲ್ಲಾದರೂ ಸಿಗಬೇಕು. ಮೂರನೆಯದು, ವರ್ಷಗಟ್ಟಲೆ ಈ ಕೆಲಸ ಮಾಡಿದ ಉಸ್ತಾದರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು, ಐಟಿಐ ಮತ್ತು ಪಾಲಿಟೆಕ್ನಿಕ್ ಹುಡುಗರು ಅವರ ಬಳಿ ಕಲಿಯುವಂತಾಗಬೇಕು. ವಿದ್ಯುತ್ ವಾಹನಕ್ಕೆ ಪರಿವರ್ತಿಸುವ ಕಿಟ್‌ಗಳಿಗೆ ಕಾನೂನು ಈಗಾಗಲೇ ದಾರಿ ಕೊಟ್ಟಿದೆ. ನಾಳೆ ಆ ಕಿಟ್‌ಗಳನ್ನು ಕೂಡಿಸುವವರು ಬೇಕಾಗುತ್ತಾರೆ. ಆ ಕೆಲಸ ಬೆಂಗಳೂರು, ಹೈದರಾಬಾದಿಗೆ ಮಾತ್ರ ಹೋಗಬೇಕೆಂದೇನಿಲ್ಲ. ಡಿಪ್ಲೊಮಾ ಮುಗಿಸಿ ಅದೇ ಊರುಗಳಿಗೆ ಕೆಲಸಕ್ಕೆಂದು ಬಸ್ಸು ಹತ್ತುವ ನನ್ನಂಥವರಿಗೆ ಈ ಮಾತಿನ ಬೆಲೆ ಗೊತ್ತು.

ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ, ಗೆಳೆಯರೇ. ಮನೆಯ ಹಳೇ ಕಾರಿನ ಮೂಲ ಎಂಜಿನ್ನನ್ನೇ ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ರಿಂಗ್ ಹಾಕಿ ಎಬ್ಬಿಸಬಹುದು. ಅದು ಕಾನೂನಿಗೆ ಒಪ್ಪುತ್ತದೆ. ಕಾರ್ಬುರೇಟರ್ ಒಂದನ್ನು ಬಿಚ್ಚಿ ಜೋಡಿಸಿದವನಿಗೆ ಗಾಳಿ, ಇಂಧನ, ಕಿಡಿಗಳ ಸಂಬಂಧ ಯಾವ ಪುಸ್ತಕ ಓದಿದವನಿಗಿಂತಲೂ ಚೆನ್ನಾಗಿ ತಿಳಿಯುತ್ತದೆ. ಎಂಜಿನಿಯರಿಂಗ್ ಓದುವವರು ಬಾಜಾ ಎಸ್‌ಎಇ ಇಂಡಿಯಾದಂಥ ಸ್ಪರ್ಧೆಗಳಿಗೆ ತಂಡ ಕಟ್ಟಿ ತಾವೇ ಗಾಡಿ ತಯಾರಿಸಬಹುದು. ಎಂಜಿನ್ನಿಗೆ ತಕ್ಕ ಗೇರು, ಗೇರಿಗೆ ತಕ್ಕ ಬ್ರೇಕು ಲೆಕ್ಕ ಹಾಕುವುದನ್ನು ಅಲ್ಲಿ ಕಲಿತರೆ ಸಂದರ್ಶನದಲ್ಲಿ ಹೇಳಲು ಸ್ವಂತದ ಮಾತಿರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರಂತೂ ಹಣ ಕೊಡುವ ಮೊದಲು ಬಾನೆಟ್ ಎತ್ತಿ ಎಂಜಿನ್ ನಂಬರನ್ನು ಆರ್‌ಸಿಯ ಜೊತೆ ತಾಳೆ ನೋಡಲೇಬೇಕು. ಐದು ನಿಮಿಷದ ಕೆಲಸ, ಐದು ವರ್ಷದ ಸಾಲ ತಪ್ಪಿಸುತ್ತದೆ.

ನಮ್ಮ ಗ್ಯಾರೇಜುಗಳಲ್ಲಿ ಬುದ್ಧಿಗೂ ಕೈಚಳಕಕ್ಕೂ ಬರವಿಲ್ಲ. ಬರ ಇರುವುದು ಅದನ್ನು ಗುರುತಿಸಿ ದಾಖಲಿಸುವ ವ್ಯವಸ್ಥೆಗೆ. ಆ ವ್ಯವಸ್ಥೆಯನ್ನು ಕೇಳಬೇಕಾದವರು ನಾವೇ.