ಮಾಗಡಿ ಕೆರೆಯ ರಕ್ಷಣೆ ಏರಿಗೇ ನಿಲ್ಲಬಾರದು

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯು 2024ರಲ್ಲಿ ರಾಮ್ಸಾರ್ ತಾಣವಾಯಿತು. ಅಂದರೆ, 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಏರ್ಪಟ್ಟ ಒಪ್ಪಂದದಂತೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಮಳೆನೀರು ಹಿಡಿದಿಟ್ಟು ಹೊಲಗಳಿಗೆ ಹಾಯಿಸಲೆಂದು ಕಟ್ಟಿದ, ಸುಮಾರು 50 ಹೆಕ್ಟೇರಿನ ಈ ಕೆರೆಗೆ ಹೆಸರು ತಂದವು ಪಟ್ಟೆತಲೆ ಹೆಬ್ಬಾತುಗಳು. ಬಿಳಿಯ ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳುಳ್ಳ ಈ ಹಕ್ಕಿಗಳು ಮಂಗೋಲಿಯ, ಟಿಬೆಟ್ ಮೊದಲಾದ ನಾಡುಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ, ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತವೆ.

ಹೆಬ್ಬಾತು ಮೀನು ಹಿಡಿದು ಬದುಕುವ ಹಕ್ಕಿಯಲ್ಲ. ಹುಲ್ಲು, ಕಾಳು, ಎಳೆಯ ಪೈರು ಅದರ ಆಹಾರ. ಹಗಲಿನ ಬಹುಪಾಲು ನೀರಿನಲ್ಲೂ ದಡದಲ್ಲೂ ವಿಶ್ರಮಿಸುವ ಹಿಂಡುಗಳು ಮೇಯಲು ಸುತ್ತಲಿನ ಶೇಂಗಾ, ಕಡಲೆಯ ಹೊಲಗಳಿಗೆ ಹಾರುತ್ತವೆ. ಹಕ್ಕಿಯ ಹಾಸಿಗೆ ಕೆರೆಯಲ್ಲಿದ್ದರೂ ಊಟ ರೈತರ ಹೊಲದಲ್ಲಿದೆ. ಕಾನೂನು ಕಾಣದಿರುವುದು ಈ ಎರಡನೆಯ ಅರ್ಧವನ್ನೇ. ಮಾಗಡಿ ಕೆರೆಯು ಸಂರಕ್ಷಣಾ ಮೀಸಲು, ಅಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಂತೆ, ಸ್ಥಳೀಯರೊಡನೆ ಸಮಾಲೋಚಿಸಿ ಸರ್ಕಾರಿ ಜಮೀನಿನಲ್ಲಿ ಮಾತ್ರ ಘೋಷಿಸಬಹುದಾದ ರಕ್ಷಿತ ಪ್ರದೇಶ. ಖಾಸಗಿ ಹೊಲಗಳು ಅದರ ವ್ಯಾಪ್ತಿಗೆ ಬರುವುದಿಲ್ಲ.

ಹೊಲಗಳನ್ನು ಸ್ವಾಧೀನಪಡಿಸಿಕೊಳ್ಳುವುದು ಇದಕ್ಕೆ ಪರಿಹಾರವಲ್ಲ, ಅದು ನ್ಯಾಯವೂ ಅಲ್ಲ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗ್ರಾಮಸ್ಥರದೇ ಹುಣಸೆಮರಗಳಲ್ಲಿ ಗೂಡು ಕಟ್ಟಿದಾಗ ಕೈತಪ್ಪುವ ಹುಣಸೆ ಫಸಲಿಗೆ ಅರಣ್ಯ ಇಲಾಖೆ ಪರಿಹಾರ ನೀಡುತ್ತ ಬಂದದ್ದರಿಂದ ಮರಗಳೂ ಹಕ್ಕಿಗಳೂ ಉಳಿದವು. 2007ರಲ್ಲಿ ಆ ಊರು ಸಮುದಾಯ ಮೀಸಲಾಯಿತು. ಜಮೀನಿನ ಒಡೆಯರು ತಾವಾಗಿಯೇ ಮುಂದೆ ಬಂದರೆ ಮಾತ್ರ ಘೋಷಿಸಬಹುದಾದ ಈ ಬಗೆಯ ಮೀಸಲು ಮಾಗಡಿಯ ಹೊಲಗಳಿಗೂ ಒದಗಬಲ್ಲದು, ಆದರೆ ಪೈರು ಕಳೆದುಕೊಂಡವರಿಗೆ ಅದೇ ಹಂಗಾಮಿನಲ್ಲಿ ಪರಿಹಾರದ ಹಣ ತಲುಪದೆ ಯಾವ ರೈತನೂ ಅದನ್ನು ನಂಬುವ ಕಾರಣವಿಲ್ಲ.

ಹೊಲಕ್ಕೆ ಸಿಂಪಡಿಸಿದ ಕೀಟನಾಶಕ ಮಳೆನೀರಿನೊಡನೆ ಹರಿದು ಸೇರುವುದು ಕೆರೆಯನ್ನೇ ಆದ್ದರಿಂದ, ವಿಷ ಕಡಿಮೆ ಬಳಸುವ ಬೇಸಾಯಕ್ಕೆ ನೆರವು ಸಿಗಬೇಕಾದದ್ದೂ ಮೊದಲು ಕೆರೆಯ ಜಲಾನಯನದ ರೈತರಿಗೆ, ಅಂದರೆ ಕೆರೆಗೆ ನೀರು ಹರಿದುಬರುವ ನೆಲದಲ್ಲಿ ಉಳುವವರಿಗೆ.

ಹಕ್ಕಿ ನೋಡಲು ಬರುವವರಿಗೆ ಸ್ವಾಗತವಿರಲಿ. ಆದರೆ ಕ್ಯಾಮೆರಾ ಹಿಡಿದು ದಡಕ್ಕೆ ನುಗ್ಗಿದಾಗಲೆಲ್ಲ ಹಿಂಡು ಮೇಲೇಳುತ್ತದೆ. ಹಾಗೆ ಎದ್ದಷ್ಟು ಸಲವೂ, ವಸಂತದ ಮರುಪಯಣಕ್ಕೆ ಕೂಡಿಟ್ಟ ಕೊಬ್ಬು ವ್ಯರ್ಥವಾಗಿ ಕರಗುತ್ತದೆ. ಆದ್ದರಿಂದ ದೋಣಿವಿಹಾರಕ್ಕೆ ಇಲ್ಲಿ ಅವಕಾಶವಿರಬಾರದು. ವೀಕ್ಷಣೆ ದೂರದ ಮರೆಯಿಂದಲೇ ನಡೆಯಬೇಕು. ಪ್ರವಾಸಿಗರಿಂದ ಶುಲ್ಕ ಪಡೆಯುವುದಾದರೆ ಅದರ ಮೊದಲ ಪಾಲು ಹೆಬ್ಬಾತು ಮೇಯ್ದ ಹೊಲದ ರೈತರಿಗೆ ಸಲ್ಲಬೇಕು, ಮತ್ತು ಆ ಲೆಕ್ಕವನ್ನು ಗ್ರಾಮ ಪಂಚಾಯಿತಿಯು ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಓದಬೇಕು.