ಹತ್ತು ದಿನಗಳಲ್ಲಿ ಭಾರತವೇ?

ಭಾರತವನ್ನು ಮೊದಲ ಬಾರಿಗೆ ಕಾಣಬಯಸುವವರ ಕೈಗೆ ಪ್ರವಾಸ ಕಂಪನಿಗಳು ಹತ್ತು ದಿನಗಳ ಒಂದೇ ಪಟ್ಟಿಯನ್ನಿಡುತ್ತವೆ: ದೆಹಲಿ, ಆಗ್ರಾ, ಜೈಪುರ, ಗೋವೆ, ಹಂಪಿ. ಸುಮಾರು 33 ಲಕ್ಷ ಚದರ ಕಿ.ಮೀ. ವಿಸ್ತಾರದ ದೇಶವಿದು! ರಜೆಯ ಬಹುಪಾಲು ಪ್ರಯಾಣದಲ್ಲಿಯೇ ಕಳೆಯುತ್ತದೆ. ಎಲ್ಲರ ಭಾರವೂ ಅದೇ ನಾಲ್ಕಾರು ಊರುಗಳ ನೆಲ-ಜಲದ ಮೇಲೆ ಬೀಳುತ್ತದೆ. ಗೋವೆಯಿಂದ ಹಂಪಿಯತ್ತ ಸಾಗುವ ರೈಲು ಹುಲಕೋಟಿ, ಗದಗಗಳನ್ನು ಹಾದೇ ಹೋಗುತ್ತದೆ. ಇಳಿಯುವವರೆಷ್ಟು ಮಂದಿ?

ಪಟ್ಟಿಯ ಅರ್ಧವನ್ನು ಹೊಡೆದುಹಾಕಿ ನಾಲ್ಕು ದಿನ ಇಲ್ಲಿಯೇ ನಿಲ್ಲಲಿ ಎಂಬುದು ನಮ್ಮ ವಾದ. ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಸಾವಿರ ವರ್ಷಗಳ ಹಿಂದೆ ಕಟ್ಟಿಸಿದ ಬ್ರಹ್ಮ ಜಿನಾಲಯವಿದೆ. 2024ರಲ್ಲಿ ರಾಮ್ಸಾರ್ ಮನ್ನಣೆ ಪಡೆದ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅಷ್ಟು ದೂರದಿಂದ ಬಂದ ಆ ಹಕ್ಕಿಗಳೂ ತಿಂಗಳುಗಟ್ಟಲೆ ನಿಂತು, ಸುತ್ತಲಿನ ಹೊಲಗಳಲ್ಲಿ ಮೇಯ್ದೇ ಮರಳುತ್ತವೆ. ಮನುಷ್ಯರಿಗೇಕೆ ಇಷ್ಟು ಅವಸರ?

2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡವೂ ಸಮೀಪದಲ್ಲಿಯೇ ಇದೆ. ಆದರೆ ಪ್ರವಾಸಿಗರ ನೆಪದಲ್ಲಿ ಅದರ ನೆತ್ತಿಯ ಮೇಲೆ ರೆಸಾರ್ಟುಗಳೇಳುವುದನ್ನು ನಾವು ಒಪ್ಪೆವು. ಗದಗಿನ ವಸತಿಗೃಹಗಳಲ್ಲಿ ತಂಗಲಿ, ಸರ್ಕಾರಿ ಬಸ್ಸುಗಳಲ್ಲಿ ಓಡಾಡಲಿ, ಅರಣ್ಯ ಇಲಾಖೆಯ ಅನುಮತಿ ಪಡೆದು ಗುಡ್ಡ ಹತ್ತಲಿ. ತಾಜಮಹಲನ್ನು ಮುಂದಿನ ಸಲ ನೋಡಬಹುದು.